ಫಾದರ್ ಯಾವ ಕಡೆ ಮುಖ ಮಾಡ್ತಾರೆ? ಚರ್ಚಿನ ಆಕಾರ ಬದಲಾದ ಕಥೆ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ತೋಟದಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರೋರಿಗೆ, ರಾತ್ರಿ ನಿದ್ದೆ ಬರ್ತಿಲ್ಲ ಅಂತ ಹಾಕಿಕೊಂಡೋರಿಗೆ, ಎಲ್ಲರಿಗೂ ಸ್ವಾಗತ.

ಒಂದು ಸಣ್ಣ ಕೆಲಸ ಕೊಡ್ತೀನಿ. ಕಣ್ಣು ಮುಚ್ಚಿಕೊಂಡು ಒಂದು ಚರ್ಚಿನ ಚಿತ್ರ ಬಿಡಿಸಿ. ಗಾಡಿ ಓಡಿಸ್ತಿದ್ದರೆ ಬೇಡ, ಆಮೇಲೆ ಬಿಡಿಸಿ. ಏನು ಬಂತು? ಚೂಪಾದ ಒಂದು ಗೋಪುರ, ತುದಿಯಲ್ಲಿ ಶಿಲುಬೆ, ಮೇಲೆ ಚೂಪಾಗಿರೋ ಉದ್ದ ಕಿಟಕಿಗಳು. ಹಿಂದೂ, ಮುಸ್ಲಿಂ, ಕ್ರೈಸ್ತ, ಯಾರನ್ನೇ ಕೇಳಿ, ಹೆಚ್ಚುಕಡಿಮೆ ಇದೇ ಚಿತ್ರ ಬರುತ್ತೆ. ಶಾಲೆಯ ಡ್ರಾಯಿಂಗ್ ಬುಕ್ಕಿನಿಂದ ವಾಟ್ಸ್ಯಾಪ್ ಎಮೋಜಿವರೆಗೆ ಅದೇ ಆಕಾರ.

ಈಗ ನಮ್ಮ ಕಡೆ ಬನ್ನಿ. ನಾನು ಕೊಪ್ಪದ ಕಡೆಯವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕಿನವರಿಗೆ ಜಿಲ್ಲಾ ಕೇಂದ್ರ ಅಂದರೆ ಚಿಕ್ಕಮಗಳೂರು. ಅಲ್ಲಿ ಸಂತ ಜೋಸೆಫರ ಕೆಥೆಡ್ರಲ್ ಇದೆ. ಮುಳ್ಳಯ್ಯನಗಿರಿ ನೋಡಲು ಬಂದವರ ಟೂರ್ ಲಿಸ್ಟಲ್ಲಿ ಅದಕ್ಕೂ ಒಂದು ಜಾಗ ಉಂಟು. ಚಿಪ್ಪಿನ ಆಕಾರದ ಚರ್ಚ್ ಅಂತಲೇ ಪ್ರವಾಸಿಗರಿಗೆ ಅದರ ಪರಿಚಯ. ಹೊರಗೆ ನಿಂತು ಫೋಟೋ ತೆಗೀತಾರೆ, 'ಡಿಫರೆಂಟ್ ಆಗಿದೆ ಮಗಾ' ಅಂತಾರೆ, ಹೊರಡ್ತಾರೆ.

ಈ ಎಪಿಸೋಡ್ ಆ 'ಡಿಫರೆಂಟ್' ಅನ್ನೋ ಪದದ ಬಗ್ಗೆ. ಹೊಸ ಕಾಲದ ಚರ್ಚುಗಳು ಯಾಕೆ ಡಿಫರೆಂಟ್ ಆದವು? ಆರ್ಕಿಟೆಕ್ಟುಗಳಿಗೆ ಹುಚ್ಚು ಹಿಡಿಯಿತು ಅಂತಲಾ, ಟೂರಿಸ್ಟ್ ಬರಲಿ ಅಂತಲಾ? ನಾನು ಬಿಕಾಂ ಓದಿದವನು, ಕಟ್ಟಡ ಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಓದ್ತಾ ಹೋದ ಹಾಗೆ ನನಗೆ ಸಿಕ್ಕಿದ ಉತ್ತರ ತುಂಬಾ ಸರಳವಾಗಿತ್ತು. ಆಕಾರ ಹೊರಗಿನಿಂದ ಹುಟ್ಟಿದ್ದಲ್ಲ. ಒಳಗೆ ಫಾದರ್ ಯಾವ ಕಡೆ ಮುಖ ಮಾಡಿ ನಿಲ್ತಾರೆ ಅನ್ನೋದರಿಂದ ಹುಟ್ಟಿದ್ದು.

ಮೊದಲು ಹಳೇ ಚಿತ್ರ ನೋಡೋಣ. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೀವು ನೋಡಿರ್ತೀರಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದರು. ಎರಡು ಗೋಪುರ, ಒಂದೊಂದೂ 175 ಅಡಿ ಎತ್ತರ. ಜರ್ಮನಿಯ ಕಲೋನ್ ಕೆಥೆಡ್ರಲ್ ನೆನಪಿಸುವ ಗೋಥಿಕ್ ಶೈಲಿ. ಮೇಲಿಂದ ನೋಡಿದರೆ ಇಡೀ ಕಟ್ಟಡವೇ ಒಂದು ಶಿಲುಬೆ. ಒಳಗೆ ಹೋದರೆ ಉದ್ದಕ್ಕೆ ಒಂದು ಹಜಾರ, ಎರಡೂ ಕಡೆ ಕಂಬಗಳ ಸಾಲು, ದೂರದ ತುದಿಯಲ್ಲಿ ಬಲಿಪೀಠ. ರೈಲಿನ ಬೋಗಿ ತರ ಅಂದುಕೊಳ್ಳಿ. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿರ್ತಾರೆ.

ಆ ಕಾಲದಲ್ಲಿ ಫಾದರ್ ಕೂಡ ಸಾಮಾನ್ಯವಾಗಿ ಅದೇ ಕಡೆ ಮುಖ ಮಾಡಿ ನಿಲ್ತಿದ್ದರು. ಬಲಿಪೀಠದ ಕಡೆ. ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಹಿಂದೆ ಕೂತ ಜನಕ್ಕೆ ಕಾಣ್ತಿದ್ದದ್ದು ಅವರ ಬೆನ್ನು. ಇದನ್ನ ಕೇಳಿದ ತಕ್ಷಣ 'ಅಯ್ಯೋ, ಜನರಿಗೆ ಬೆನ್ನು ಹಾಕ್ತಿದ್ದರಾ' ಅನ್ನಿಸುತ್ತೆ. ಹಾಗೆ ಅವಸರ ಮಾಡೋದು ಬೇಡ. ನಮ್ಮ ದೇವಸ್ಥಾನದಲ್ಲಿ ಅರ್ಚಕರು ಪೂಜೆ ಮಾಡುವಾಗ ಯಾವ ಕಡೆ ನೋಡ್ತಾರೆ? ಗರ್ಭಗುಡಿ ಕಡೆ. ಶೃಂಗೇರಿ ಬಸ್ಸಿನ ಡ್ರೈವರ್ ನಮಗೆ ಬೆನ್ನು ಹಾಕಿ ಕೂತಿದ್ದಾನೆ ಅಂತ ಯಾರಾದರೂ ಕಂಪ್ಲೇಂಟ್ ಕೊಡ್ತೀವಾ? ಎಲ್ಲರೂ ಒಂದೇ ಕಡೆ ಹೋಗ್ತಿದ್ದೀವಿ, ಅವನು ಮುಂದೆ ಇದ್ದಾನೆ, ಅಷ್ಟೇ. ಹಳೇ ಪದ್ಧತಿಯ ಅರ್ಥ ಅದು. ಎಲ್ಲರೂ ಸೇರಿ ದೇವರ ಕಡೆ ನೋಡೋದು.

ಆ ಅರ್ಥಕ್ಕೆ ಉದ್ದ ಹಜಾರ ಸರಿಯಾಗಿ ಹೊಂದುತ್ತಿತ್ತು. ಹಿಂದಿನ ಸಾಲಿನವರಿಗೆ ಕಂಬ ಅಡ್ಡ ಬಂದರೂ ನಡೀತಿತ್ತು. ದಿಕ್ಕು ಗೊತ್ತಿದ್ದರೆ ಸಾಕಿತ್ತು.

ಈಗ ಕಥೆ ತಿರುಗುವ ಜಾಗ. 1962ರಿಂದ 1965ರವರೆಗೆ ರೋಮ್‌ನಲ್ಲಿ ಕ್ಯಾಥೊಲಿಕ್ ಬಿಷಪ್ಪರ ದೊಡ್ಡ ಸಭೆ ನಡೆಯಿತು. ಎರಡನೇ ವ್ಯಾಟಿಕನ್ ಮಹಾಸಭೆ ಅಂತ ಹೆಸರು. ಪ್ರಪಂಚದ ಎಲ್ಲಾ ಕಡೆಯಿಂದ ಬಿಷಪ್ಪರು ಬಂದಿದ್ದರು. ಪೂಜಾವಿಧಿ ಬಗ್ಗೆ ಆ ಸಭೆಯ ದಾಖಲೆ ಹೊರಬಂದದ್ದು 1963ರ ಡಿಸೆಂಬರ್ 4ಕ್ಕೆ. ವೋಟು ಬಿದ್ದದ್ದು ಪರವಾಗಿ 2147, ವಿರುದ್ಧ 4. ಜನ ಸುಮ್ಮನೆ ಕೂತು ನೋಡಬಾರದು, ಭಾಗವಹಿಸಬೇಕು ಅನ್ನೋದು ಅದರ ಸಾರ. ಊರಿನ ಭಾಷೆಗೆ ಅವಕಾಶ ಕೊಟ್ಟರು. ಹೊಸ ಚರ್ಚ್ ಕಟ್ಟುವಾಗ ಜನರ ಭಾಗವಹಿಸುವಿಕೆಗೆ ಅನುಕೂಲ ಆಗೋ ಹಾಗೆ ಕಟ್ಟಿ ಅಂತಲೂ ಹೇಳಿದರು. ಮುಂದಿನ ವರ್ಷ, 1964ರಲ್ಲಿ, ಇನ್ನೊಂದು ಸೂಚನೆ ಬಂತು. ಬಲಿಪೀಠವನ್ನ ಗೋಡೆಗೆ ಅಂಟಿಸಬೇಡಿ, ಸುತ್ತ ಓಡಾಡುವಷ್ಟು ಜಾಗ ಬಿಡಿ, ಜನರ ಕಡೆ ಮುಖ ಮಾಡಿಯೂ ಪೂಜೆ ಮಾಡುವ ಹಾಗಿರಲಿ ಅಂತ.

ನಮ್ಮ ಜಿಲ್ಲೆಯ ಒಂದು ಡೇಟ್ ಇಲ್ಲಿ ಕೂಡಿಸ್ತೀನಿ. ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದು 1963ರ ನವೆಂಬರ್ 16ಕ್ಕೆ. ಅಂದರೆ ರೋಮ್‌ನಲ್ಲಿ ಆ ವೋಟು ಬೀಳೋದಕ್ಕೆ ಬರೀ 18 ದಿನ ಮುಂಚೆ. ಮೈಸೂರಿನ ಹಾಗೆ ಲ್ಯಾಟಿನ್ ಕಾಲದಲ್ಲಿ ಹುಟ್ಟಿ ಆಮೇಲೆ ಹೊಂದಿಕೊಂಡದ್ದಲ್ಲ, ಬದಲಾವಣೆ ಜೊತೆಗೇ ಬೆಳೆದ ಧರ್ಮಕ್ಷೇತ್ರ ನಮ್ಮದು.

ಸರಿ, ಫಾದರ್ ಜನರ ಕಡೆ ತಿರುಗಿದರು. ಅಷ್ಟಕ್ಕೇ ಕಟ್ಟಡ ಯಾಕೆ ಬದಲಾಗಬೇಕು? ಇಲ್ಲಿ ನನ್ನ ಬಿಕಾಂ ಬುದ್ಧಿ ಸ್ವಲ್ಪ ಬಳಸ್ತೀನಿ. ಒಂದು ಸಣ್ಣ ಲೆಕ್ಕ.

500 ಜನ ಕೂರಬೇಕು ಅಂದುಕೊಳ್ಳಿ. ರೈಲು ಬೋಗಿ ತರದ ಹಜಾರ, ಒಂದು ಸಾಲಿಗೆ 20 ಜನ. 25 ಸಾಲು ಬೇಕು. ಸಾಲಿಂದ ಸಾಲಿಗೆ 3 ಅಡಿ, ಮೊದಲ ಸಾಲು ಬಲಿಪೀಠದಿಂದ 15 ಅಡಿ ದೂರ. ಹಾಗಾದರೆ ಕೊನೆಯ ಸಾಲಿನ ಅಜ್ಜಿ ಎಷ್ಟು ದೂರ ಕೂತಿದ್ದಾರೆ? 87 ಅಡಿ. ಈಗ ಅದೇ 500 ಜನರನ್ನ ಬಲಿಪೀಠದ ಸುತ್ತ ಅರ್ಧ ವೃತ್ತದಲ್ಲಿ ಕೂರಿಸಿ, ಒಬ್ಬರಿಗೆ 2 ಅಡಿ ಜಾಗ ಕೊಟ್ಟು. ಹಿಂದೆ ಹೋದ ಹಾಗೆ ಸಾಲು ಉದ್ದ ಆಗ್ತಾ ಹೋಗುತ್ತೆ, ಹಾಗಾಗಿ 11 ಸಾಲಲ್ಲಿ ಎಲ್ಲರೂ ಮುಗೀತಾರೆ. ಓಡಾಡುವ ದಾರಿ ಬಿಟ್ಟು ಹೇಳ್ತಿದ್ದೀನಿ. ಈಗ ಕೊನೆಯ ಸಾಲಿನ ಅಜ್ಜಿ 45 ಅಡಿ ದೂರದಲ್ಲಿದ್ದಾರೆ. ಹತ್ತಿರ ಹತ್ತಿರ ಅರ್ಧ. ಫಾದರ್ ಮುಖ ಕಾಣುತ್ತೆ, ರೊಟ್ಟಿ ಎತ್ತಿ ಹಿಡಿದದ್ದು ಕಾಣುತ್ತೆ, ಎದುರು ಬದಿಯಲ್ಲಿ ಕೂತ ಪಕ್ಕದ ಮನೆಯವರ ಮುಖವೂ ಕಾಣುತ್ತೆ.

ಚೆನ್ನಾಗಿದೆ ಅಲ್ವಾ? ಆದರೆ ಅಕೌಂಟ್ಸ್‌ನಲ್ಲಿ ಒಂದು ಕಡೆ ಉಳಿಸಿದರೆ ಇನ್ನೊಂದು ಕಡೆ ಬಿಲ್ ಬರುತ್ತೆ. ಇಲ್ಲಿ ಬಿಲ್ ಬರೋದು ಚಾವಣಿಗೆ. ಮೊದಲಿನ ಹಜಾರದಲ್ಲಿ ಸೀಟಿನ ಅಗಲ 40 ಅಡಿ ಇತ್ತು. ಈಗ ಅಡ್ಡಕ್ಕೆ 90 ಅಡಿ ಆಯಿತು. ಮಧ್ಯೆ ಕಂಬ ನಿಲ್ಲಿಸಿದರೆ ಮತ್ತೆ ಯಾರಿಗೋ ಅಡ್ಡ, ಮಾಡಿದ್ದೆಲ್ಲಾ ವೇಸ್ಟ್. ಕಂಬ ಇಲ್ಲದೆ 90 ಅಡಿ ಮುಚ್ಚೋದು ಹೇಗೆ?

ಕಲ್ಲಿಗೆ ಒತ್ತಡ ತಡೆಯೋ ಶಕ್ತಿ ಜಾಸ್ತಿ, ಎಳೆತ ತಡೆಯೋ ಶಕ್ತಿ ಕಡಿಮೆ. ಹಾಗಾಗಿ ಕಲ್ಲಲ್ಲಿ ಕಟ್ಟೋರಿಗೆ ಕಮಾನು ಬೇಕು, ದಪ್ಪ ಕಂಬ ಬೇಕು, ಪಕ್ಕದಲ್ಲಿ ಊರುಗೋಲು ಬೇಕು. ಹಳೇ ಗೋಥಿಕ್ ಚರ್ಚಿನ ಅಷ್ಟೂ ಚೆಂದ ಈ ಕಷ್ಟದಿಂದಲೇ ಬಂದದ್ದು. ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ಇರುತ್ತೆ, ಅದು ಎಳೆತ ತಡೆಯುತ್ತೆ. ಅದರ ಮೇಲೆ ಕಾಂಕ್ರೀಟನ್ನ ಬಾಗಿಸಿ ಹಾಕಿದರೆ ಇನ್ನೂ ಗಟ್ಟಿ. ಮೊಟ್ಟೆ ಚಿಪ್ಪು ಎಷ್ಟು ತೆಳು, ಆದರೆ ಎರಡೂ ತುದಿ ಅಂಗೈಯಲ್ಲಿಟ್ಟು ಅದುಮಿ ನೋಡಿ, ಸುಲಭಕ್ಕೆ ಒಡೆಯಲ್ಲ. ಬಾಗಿದ ಮೈ ಭಾರವನ್ನ ಎಲ್ಲಾ ಕಡೆ ಹಂಚುತ್ತೆ. ಹಾಗಾಗಿ ಚಿಪ್ಪು, ಬೀಸಣಿಗೆ, ಟೆಂಟು, ಕೊಡೆ, ಇಂಥ ಆಕಾರಗಳು ಬಂದವು. ಕೆಳಗೆ ಜನ ಸುತ್ತಲೂ ಕೂರಬೇಕಿತ್ತು, ಮೇಲೆ ಕಂಬ ಇಲ್ಲದ ಸೂರು ಬೇಕಿತ್ತು.

ಹಾಗಂತ ಎಲ್ಲಾ ಬದಲಾವಣೆಯೂ ಒಂದು ವೋಟಿನಿಂದ ಶುರುವಾಯಿತು ಅಂತಲ್ಲ. ಫ್ರಾನ್ಸಿನ ರೋನ್‌ಶಾಂ ಅನ್ನೋ ಊರಿನ ಗುಡ್ಡದ ಮೇಲೆ ಲ ಕಾರ್ಬುಸಿಯೆ ಕಟ್ಟಿದ ಚರ್ಚ್ 1955ರದ್ದು. ನಮ್ಮ ಚಂಡೀಗಢದ ಪ್ಲಾನ್ ಮಾಡಿದ್ದು ಇದೇ ಮನುಷ್ಯ. ಅದರ ಚಾವಣಿಗೆ ಪ್ರೇರಣೆ ಒಂದು ಏಡಿಯ ಚಿಪ್ಪು ಅಂತ ಆತನೇ ಹೇಳಿದ್ದ. ಬ್ರೆಜಿಲ್‌ನ ಬ್ರೆಸಿಲಿಯಾ ಕೆಥೆಡ್ರಲ್, 1970ರದ್ದು, 16 ಬಾಗಿದ ಕಾಂಕ್ರೀಟ್ ಕಂಬಗಳು ಆಕಾಶಕ್ಕೆ ಕೈ ಎತ್ತಿದ ಹಾಗಿವೆ. ಅಷ್ಟು ದೂರ ಬೇಡ ಅಂದರೆ ಮುಂಬೈಗೆ ಹೋಗಿ. ಅಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯವರು ಬೇಕಾದಷ್ಟು ಜನ ಇದ್ದಾರಲ್ಲ. ದಾದರ್‌ನಲ್ಲಿ ಪೋರ್ಚುಗೀಸ್ ಚರ್ಚ್ ಅಂತ ಬಸ್ ಸ್ಟಾಪ್ ಹೆಸರೇ ಇದೆ. ಹೆಸರು ಹಳೇದು, ಕಟ್ಟಡ ಹೊಸದು. 1970ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ಕಟ್ಟಿದ್ದು. ಮೇಲೆ ಕಾಂಕ್ರೀಟ್ ಚಿಪ್ಪುಗಳು, ಮಧ್ಯೆ ಮಧ್ಯೆ ತೆರೆದ ಅಂಗಳ. ಬಿಸಿಗಾಳಿ ಚಿಪ್ಪಿನ ಮೇಲಿಂದ ಹೊರಗೆ ಹೋಗುತ್ತೆ. ಮುಂಬೈ ಸೆಕೆಗೆ ಇಟಲಿಯ ಪ್ಲಾನ್ ಅಲ್ಲ, ಮುಂಬೈಯ ಪ್ಲಾನೇ ಬೇಕಿತ್ತು.

ಬೆಂಗಳೂರಲ್ಲಿ ಇನ್ನೊಂದು ದಾರಿ ಹಿಡಿದರು. ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 1967ರಲ್ಲಿ ಅಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಶುರು ಮಾಡಿತು. ಎನ್‌ಬಿಸಿಎಲ್‌ಸಿ ಅಂತ ಕರೀತಾರೆ. ಅದರ ಮೊದಲ ನಿರ್ದೇಶಕರು ಫಾದರ್ ಡಿ. ಎಸ್. ಅಮಲೋರ್ಪವದಾಸ್. ಅಲ್ಲಿನ ಪ್ರಾರ್ಥನಾ ಮಂದಿರ ನೋಡಲು ನಮ್ಮ ದೇವಸ್ಥಾನದ ಹಾಗೇ ಇದೆ. ಬೆಂಚಿಲ್ಲ, ನೆಲದ ಮೇಲೆ ಕೂರ್ತಾರೆ. 1969ರಲ್ಲಿ ವ್ಯಾಟಿಕನ್ ಭಾರತದ ಪೂಜೆಗೆ 12 ಬದಲಾವಣೆಗಳನ್ನ ಒಪ್ಪಿತ್ತು. ಚಪ್ಪಲಿ ಬಿಡೋದು, ಕೈಮುಗಿಯೋದು, ಊದುಬತ್ತಿ, ಆರತಿ, ಇಂಥವು. ಆದರೆ ಮಂದಿರದ ಮೇಲೆ ಕಳಶ ಇಟ್ಟಾಗ ವಿವಾದ ಆಯಿತು. 'ಇದು ಚರ್ಚಾ, ದೇವಸ್ಥಾನವಾ' ಅಂತ ಕ್ರೈಸ್ತರಲ್ಲೇ ಕೆಲವರು ಕೇಳಿದರು. 'ಕಳಶ ನಮ್ಮದು' ಅಂತ ಹಿಂದೂಗಳಲ್ಲೂ ಕೆಲವರು ಹೇಳಿದರು.

ನನಗೆ ಇಲ್ಲಿ ತಮಾಷೆಯೂ ಅನ್ನಿಸುತ್ತೆ, ಬೇಜಾರೂ ಆಗುತ್ತೆ. ಗೋಪುರ ಕಟ್ಟಿದರೆ 'ಪರದೇಶಿ' ಅಂತಾರೆ. ದೇವಸ್ಥಾನದ ಹಾಗೆ ಕಟ್ಟಿದರೆ 'ನಕಲು' ಅಂತಾರೆ. ಎರಡೂ ಬೇಡ ಅಂತ ಚಿಪ್ಪು ಕಟ್ಟಿದರೆ 'ಡಿಫರೆಂಟ್, ಫೋಟೋಗೆ ಚೆನ್ನಾಗಿದೆ' ಅಂತಾರೆ. ಒಂದು ಸಣ್ಣ ಸಮುದಾಯ ತನ್ನ ದೇವರ ಮನೆ ಹೇಗಿರಬೇಕು ಅಂತ ಯೋಚನೆ ಮಾಡುವಾಗ ಇಷ್ಟು ಜನರ ಅಭಿಪ್ರಾಯ ತಲೆ ಮೇಲೆ ಕೂತಿರುತ್ತೆ.

ದಿಕ್ಕಿನ ಪ್ರಶ್ನೆ ಹಳೇ ಕಥೆ, ಮುಗೀತು ಅಂದುಕೊಂಡಿದ್ದರೆ, ಮುಗಿದಿಲ್ಲ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕ್ಯಾಥೊಲಿಕ್ ಕುಟುಂಬಗಳಿವೆ. ಭದ್ರಾವತಿ ಕೇಂದ್ರವಾಗಿ ಅವರದೇ ಒಂದು ಧರ್ಮಪ್ರಾಂತ್ಯ 2007ರಲ್ಲಿ ಆಯಿತು. ಈ ಸಿರೋ ಮಲಬಾರ್ ಸಭೆಯಲ್ಲಿ 2021ರ ಆಗಸ್ಟಿನಲ್ಲಿ ಒಂದು ತೀರ್ಮಾನ ಬಂತು. ಪೂಜೆಯ ಮೊದಲ ಭಾಗ ಜನರ ಕಡೆ ಮುಖ, ಬಲಿಯರ್ಪಣೆಯ ಭಾಗ ಬಲಿಪೀಠದ ಕಡೆ ಮುಖ, ಕೊನೆಗೆ ಮತ್ತೆ ಜನರ ಕಡೆ. ಎಲ್ಲಾ ಕಡೆ ಒಂದೇ ರೀತಿ ಇರಲಿ ಅಂತ. ಎರ್ನಾಕುಳಂ ಕಡೆಯ ಫಾದರ್‌ಗಳು, ಜನ ಒಪ್ಪಲಿಲ್ಲ, ಪೂರ್ತಿ ಜನರ ಕಡೆಯೇ ಇರಬೇಕು ಅಂದರು. ಜಗಳ ಎಷ್ಟಕ್ಕೆ ಹೋಯಿತು ಅಂದರೆ 2022ರ ಕೊನೆಯಲ್ಲಿ ಅಲ್ಲಿನ ಸೇಂಟ್ ಮೇರೀಸ್ ಬೆಸಿಲಿಕಾಗೆ ಬೀಗ ಬಿತ್ತು. ಹೊರಗಿನವರಿಗೆ 'ಯಾವ ಕಡೆ ತಿರುಗಿದರೇನು' ಅನ್ನಿಸಬಹುದು. ಆದರೆ ಒಳಗಿರೋರಿಗೆ ಅದು 'ನಾವು ದೇವರ ಮುಂದೆ ಹೇಗೆ ನಿಲ್ತೀವಿ' ಅನ್ನೋ ಪ್ರಶ್ನೆ. ಅಂಥ ಪ್ರಶ್ನೆಯೇ ಕಟ್ಟಡದ ಆಕಾರ ಆಗಿ ನಿಂತಿರುತ್ತೆ.

ಈಗ ದುಡ್ಡಿನ ವಿಷಯ. ಮಲೆನಾಡಲ್ಲಿ ಆರ್‌ಸಿಸಿ ಮನೆ ಕಟ್ಟಿದವರನ್ನ ಕೇಳಿ. ಐದಾರು ಮಳೆಗಾಲ ಕಳೆದ ಮೇಲೆ ಅದರ ಮೇಲೊಂದು ಶೀಟ್ ಹಾಕಿಸಿರ್ತಾರೆ. ಹಂಚಿನ ಮನೆಯಲ್ಲಿ ಒಂದು ಹಂಚು ಒಡೆದರೆ ಒಂದು ಹಂಚು ಬದಲಿಸಿದರೆ ಆಯಿತು. ಕಾಂಕ್ರೀಟಲ್ಲಿ ಸಣ್ಣ ಬಿರುಕು ಬಿಟ್ಟರೆ ನೀರು ಒಳಗಿನ ಸರಳಿಗೆ ಹೋಗುತ್ತೆ, ಸರಳು ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿದ ಸರಳು ಕಾಂಕ್ರೀಟನ್ನೇ ಒಡೆದು ಹಾಕುತ್ತೆ. ಎರಡು ಬಾಗು ಸೇರುವ ಕಣಿವೆಯಲ್ಲಿ ನೀರು ನಿಲ್ಲೋದು ಜಾಸ್ತಿ. ವಿಚಿತ್ರ ಆಕಾರ ಅಂದರೆ ವಿಚಿತ್ರ ರಿಪೇರಿ. ಬಾಗಿದ ಚಾವಣಿಗೆ ಮೇಲೊಂದು ಶೀಟ್ ಹಾಕೋಕೂ ಆಗಲ್ಲ. ಆ ಖರ್ಚು ಯಾರದ್ದು? ರೀಲ್ಸ್ ಮಾಡಿ ಹೋದವರದ್ದಲ್ಲ. ಭಾನುವಾರ ಕಾಣಿಕೆ ತಟ್ಟೆಗೆ ಹತ್ತಿಪ್ಪತ್ತು ರೂಪಾಯಿ ಹಾಕೋರದ್ದು.

ರೋನ್‌ಶಾಂನಲ್ಲೂ ಇದೇ ತೊಂದರೆ. ಅಲ್ಲಿಗೆ ಜಗತ್ತಿನ ಎಲ್ಲಾ ಕಡೆಯಿಂದ ಜನ ಬರ್ತಾರೆ, ಒಳಗೆ ಹೋಗಲು ಟಿಕೆಟ್ ಇದೆ. 2011ರಲ್ಲಿ ಗುಡ್ಡದ ಬುಡದಲ್ಲಿ ಪ್ರವಾಸಿಗರಿಗೆ ಹೊಸ ಕಟ್ಟಡ, ಜೊತೆಗೆ ಸನ್ಯಾಸಿನಿಯರಿಗೆ ಒಂದು ಮಠ ಕಟ್ಟಿದರು. ಅಲ್ಲಿ ಮತ್ತೆ ಪ್ರಾರ್ಥನೆ ಮಾಡೋರು ಯಾವಾಗಲೂ ಇರಲಿ ಅಂತ. 2014ರಲ್ಲಿ ಯಾರೋ ಒಳಗೆ ನುಗ್ಗಿ ಕಾರ್ಬುಸಿಯೆ ಕೈಯಾರೆ ಚಿತ್ರ ಬರೆದ ಒಂದು ಕಿಟಕಿ ಗಾಜು ಒಡೆದರು. 2016ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪ್ರಸಿದ್ಧಿ ಬಂದರೆ ರಕ್ಷಣೆ ಬರುತ್ತೆ, ಜೊತೆಗೆ ಗದ್ದಲವೂ ಬರುತ್ತೆ.

ಹಾಗಾದರೆ ಈ ವಿಚಿತ್ರ ಆಕಾರದ ಕಟ್ಟಡಗಳು ನಮ್ಮವು ಆಗೋದು ಯಾವಾಗ? ನಮ್ಮ ಊರಲ್ಲೇ ಉತ್ತರ ಇದೆ. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನ ನೋಡಿ, 14ನೇ ಶತಮಾನದ್ದು. ಚೌಕವೂ ಅಲ್ಲ, ಉದ್ದದ ಆಯತವೂ ಅಲ್ಲ, ಎರಡು ತುದಿಯೂ ದುಂಡಗೆ. ಒಳಗೆ 12 ರಾಶಿಗೆ 12 ಕಂಬ. ಅಂಥದ್ದು ಆ ಸುತ್ತಮುತ್ತ ಇನ್ನೊಂದಿಲ್ಲ. ಆದರೂ ಯಾರೂ ಅದನ್ನ ವಿಚಿತ್ರ ಅನ್ನಲ್ಲ, ನಮ್ಮ ಶೃಂಗೇರಿ ಅಂತೀವಿ. ಮಂಗಳೂರು ಹಂಚಿನ ಕಥೆಯೂ ಅಷ್ಟೇ. ಮಂಗಳೂರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಬಾಸೆಲ್ ಮಿಷನ್, 1865ರಲ್ಲಿ. ಹೊರದೇಶದ ಮಿಷನರಿಗಳು ತಂದ ಹಂಚು ಅದು. ಇವತ್ತು ಹೋಮ್‌ಸ್ಟೇ ಮಾಡೋರು 'ಅಪ್ಪಟ ಮಲೆನಾಡ ಮನೆ' ಅಂತ ಫೋಟೋ ಹಾಕೋದು ಅದೇ ಹಂಚಿನ ಕೆಳಗೆ. ಬಳಸ್ತಾ ಬಳಸ್ತಾ ನಮ್ಮದಾಯಿತು. ನೋಡ್ತಾ ನಿಂತಿದ್ದರೆ ಆಗ್ತಿರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಮುಂದಿನ ಸಲ ಚಿಕ್ಕಮಗಳೂರಿಗೋ, ದಾದರ್‌ಗೋ, ಎಲ್ಲಿಗಾದರೂ ಹೋದಾಗ ಇಂಥ ಚರ್ಚ್ ಕಂಡರೆ ಫೋಟೋ ತೆಗೀರಿ, ಬೇಡ ಅನ್ನಲ್ಲ. ಆದರೆ ಪೂಜೆ ನಡೀತಿದ್ದರೆ ಮೊಬೈಲ್ ಜೇಬಲ್ಲಿರಲಿ. ಪೂಜೆ ಇಲ್ಲದ ಹೊತ್ತಲ್ಲಿ, ಬಾಗಿಲು ತೆರೆದಿದ್ದರೆ, ಕೇಳಿಕೊಂಡು ಒಳಗೆ ಹೋಗಿ. ಹಿಂದಿನ ಬೆಂಚಲ್ಲಿ ಐದು ನಿಮಿಷ ಕೂರಿ. ಮೂರು ವಿಷಯ ನೋಡಿ. ಬಲಿಪೀಠ ಗೋಡೆಗೆ ಅಂಟಿದೆಯಾ, ಮುಂದೆ ಬಂದಿದೆಯಾ? ನಿಮಗೂ ಅದಕ್ಕೂ ಮಧ್ಯೆ ಎಷ್ಟು ಕಂಬ ಇದೆ? ಬೆಂಚುಗಳು ನೇರ ಸಾಲಲ್ಲಿವೆಯಾ, ಬಳಸಿಕೊಂಡು ನಿಂತಿವೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಹೊರಗಿನ ಆಕಾರ ಯಾಕೆ ಹಾಗಿದೆ ಅಂತ ಬೋರ್ಡು ಓದದೇ ಗೊತ್ತಾಗುತ್ತೆ. ಹೊರಡುವಾಗ ಕಾಣಿಕೆ ಡಬ್ಬಿ ಕಂಡರೆ ಏನಾದರೂ ಹಾಕಿ. ಮುಂದಿನ ಮಳೆಗಾಲಕ್ಕೆ ಬೇಕಾಗುತ್ತೆ.

ನಿಮ್ಮ ಊರಲ್ಲಿ ಹೀಗೆ 'ಡಿಫರೆಂಟ್' ಅನ್ನಿಸಿಕೊಳ್ಳುವ ಕಟ್ಟಡ ಇದ್ದರೆ, ಚರ್ಚೇ ಆಗಬೇಕಂತಿಲ್ಲ, ಮಸೀದಿ, ಬಸದಿ, ಸಿನಿಮಾ ಥಿಯೇಟರ್ ಏನೇ ಇರಲಿ, ಒಂದು ವಾಯ್ಸ್ ನೋಟ್ ಕಳಿಸಿ. ಹೊರಗೆ ಹೇಗೆ ಕಾಣುತ್ತೆ ಅಂತ ಬೇಡ, ಒಳಗೆ ಜನ ಹೇಗೆ ಕೂರ್ತಾರೆ ಅಂತ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.